ಅಡುಗೆ ಬರುತ್ತಾ ಅಂತಷ್ಟೇ ಕೇಳಿದರೆ ಸಾಕಾ?

ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಇರುವವರನ್ನು ನೋಡಿಕೊಳ್ಳಲು ಜನ ಹುಡುಕುವಾಗ ನಾವು ಕೇಳುವುದು ಅಡುಗೆ ಬರುತ್ತಾ, ರಾತ್ರಿ ಇರ್ತೀರಾ ಅಂತ. ತರಬೇತಿ ಆಗಿದೆಯಾ ಅಂತ ಕೇಳುವವರು ಕಡಿಮೆ. ಡೈಪರ್ ಬದಲಿಸುವುದನ್ನು ಬೇಗ ಕಲಿಯಬಹುದು ಬಿಡಿ. ಕಷ್ಟ ಇರುವುದು ಸಂಜೆ ಹೊತ್ತಲ್ಲಿ, ಅಜ್ಜಿ ಸ್ವಂತ ಮನೆಯಲ್ಲೇ ಕೂತು "ನಮ್ಮನೆಗೆ ಹೋಗಬೇಕು" ಅಂತ ಹಟ ಹಿಡಿದಾಗ. "ಇದೇ ನಿಮ್ಮನೆ ಅಲ್ವಾ" ಅಂತ ವಾದಕ್ಕಿಳಿದರೆ ಗಾಬರಿ ಜಾಸ್ತಿಯಾಗುತ್ತದೆ. "ಅಲ್ಲಿ ಯಾರ್ಯಾರು ಇದ್ದಾರೆ ಅಜ್ಜಿ?" ಅಂತ ಮಾತಿಗೆಳೆದು, ಲೈಟ್ ಹಾಕಿ, ಎಲ್ಲಾದರೂ ನೋವಿದೆಯಾ, ಬಾತ್‌ರೂಮಿಗೆ ಹೋಗಬೇಕಾ ಅಂತ ನೋಡುವುದು, ಇದನ್ನೇ ಕಲಿಸಬೇಕಾಗಿರುವುದು.

ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುವವರಿಗಾಗಿ ಇರುವ, ವಿಶ್ವ ಆರೋಗ್ಯ ಸಂಸ್ಥೆಯ 'ಐಸಪೋರ್ಟ್' ಎಂಬ ಆನ್‌ಲೈನ್ ಕೋರ್ಸ್‌ನಲ್ಲಿ 23 ಪಾಠಗಳಿವೆ. ಭಾರತದಲ್ಲಿ ಅದನ್ನು ಪ್ರಯೋಗ ಮಾಡಿ ನೋಡಿದವರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರೂ ಇದ್ದಾರೆ. ನೋಡಿಕೊಳ್ಳುವವರು ತಮ್ಮನ್ನು ತಾವು ನೋಡಿಕೊಳ್ಳುವುದಕ್ಕೇ ಅದರಲ್ಲಿ ಒಂದು ಭಾಗವಿದೆ. ಎಲ್ಲವನ್ನೂ ಸೊಸೆಯೋ ಮಗಳೋ ಒಬ್ಬಳೇ ಮಾಡುವ ಮನೆಗಳಲ್ಲಿ ಆ ಭಾಗವನ್ನು ಮೊದಲು ಗಂಡಸರೇ ಓದಲಿ.