ಉಗುರುಬಣ್ಣದೊಳಗಿನ ಜೇಡಿಮಣ್ಣು

ನೇಲ್ ಪಾಲಿಶ್ ಬಾಟಲಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಕಾಣುವ ‘ಸ್ಟಿಯರಾಲ್ಕೋನಿಯಂ ಹೆಕ್ಟೊರೈಟ್’ ಮೂಲತಃ ಒಂದು ಜೇಡಿಮಣ್ಣು. ಕ್ಯಾಲಿಫೋರ್ನಿಯಾದ ಹೆಕ್ಟರ್ ಬಳಿ ಸಿಗುವ ಹೆಕ್ಟೊರೈಟ್ ಖನಿಜದ ಪದರಗಳ ನಡುವಿನ ಸೋಡಿಯಂ ಅಯಾನುಗಳ ಜಾಗದಲ್ಲಿ ಉದ್ದನೆಯ ಇಂಗಾಲ ಸರಪಳಿಯುಳ್ಳ ಅಮೋನಿಯಂ ಸಂಯುಕ್ತವನ್ನು ಕೂರಿಸಿದಾಗ, ನೀರಿನಲ್ಲಿ ಉಬ್ಬುತ್ತಿದ್ದ ಮಣ್ಣು ಎಣ್ಣೆ ಹಾಗೂ ದ್ರಾವಕಗಳಲ್ಲಿ ಹರಡಿಕೊಳ್ಳುವ ಗುಣವನ್ನು ಪಡೆಯುತ್ತದೆ. ಬಾಟಲಿ ಅಲುಗಾಡದೆ ಇದ್ದಾಗ ಅದರ ಸೂಕ್ಷ್ಮ ಹಾಳೆಗಳು ಪರಸ್ಪರ ಹೆಣೆದುಕೊಂಡು ಬಣ್ಣದ ಕಣಗಳು ತಳಕ್ಕಿಳಿಯದಂತೆ ಹಿಡಿದಿಡುತ್ತವೆ. ಕುಲುಕಿದರೆ ಅಥವಾ ಬ್ರಷ್ ಎಳೆದರೆ ಆ ಹೆಣಿಗೆ ಸಡಿಲಗೊಂಡು ಬಣ್ಣ ಸರಾಗವಾಗಿ ಹರಿಯುತ್ತದೆ. ಈ ಗುಣವೇ ನನ್ನನ್ನು ಹೆಚ್ಚು ಸೆಳೆದದ್ದು.

ಅಮೆರಿಕದ ಕಾಸ್ಮೆಟಿಕ್ ಇನ್‌ಗ್ರೀಡಿಯೆಂಟ್ ರಿವ್ಯೂ ತಜ್ಞರ ಸಮಿತಿ, ಸೌಂದರ್ಯವರ್ಧಕಗಳಲ್ಲಿ ಇದರ ಬಳಕೆಯನ್ನು ಸುರಕ್ಷಿತವೆಂದು ಪರಿಗಣಿಸಿದೆ. ಆದರೆ ಒಣ ಪುಡಿಯ ಧೂಳು ಶ್ವಾಸಕೋಶ ಸೇರುವುದು ಬೇರೆಯೇ ಸಂಗತಿ; ಮನೆಯಲ್ಲಿ ಲಿಪ್‌ಸ್ಟಿಕ್, ಕ್ರೀಮ್ ತಯಾರಿಸುವವರು ಮಾಸ್ಕ್ ಧರಿಸಿಯೇ ಈ ಪುಡಿಯನ್ನು ತೂಗಬೇಕು.