ಅಮ್ಮನ ಒಣಗಿದ ಬಾಯಿ

ಹೋದ ಚಳಿಗಾಲದಲ್ಲಿ ಅಮ್ಮ ತಿಳಿಸಾರಿನ ಅನ್ನವನ್ನು ಸಹ ತುತ್ತಿಗೊಮ್ಮೆ ನೀರು ಕುಡಿದೇ ನುಂಗುತ್ತಿದ್ದರು. "ಖಾರವೇ ಹಾಕಿಲ್ಲ ಅಂತೀಯ, ಬಾಯೆಲ್ಲ ಉರಿಯುತ್ತೆ ಕಣೇ" ಎಂದಾಗ ನಾನು ಬಾಯಿಹುಣ್ಣೆಂದುಕೊಂಡು ಬಿ ಕಾಂಪ್ಲೆಕ್ಸ್ ಮಾತ್ರೆ ತಂದುಕೊಟ್ಟೆ. ವಾರದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಕೆನ್ನೆಯ ಒಳಭಾಗದಲ್ಲಿ ಒಡೆದ ಹಾಲಿನಂಥ ಬಿಳಿ ಪದರ ಕಂಡಿತು. ಹತ್ತಿಯಿಂದ ಒರೆಸಿದಾಗ ಅದು ಎದ್ದು ಬಂದು, ಅಡಿಯಲ್ಲಿ ಕೆಂಪಗೆ ಹಸಿಯಾದ ಚರ್ಮ ಉಳಿಯಿತು.

ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಮಲ್ಲೇಶ್ವರದ ನಮ್ಮ ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಬರೆದುಕೊಟ್ಟ ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಹಚ್ಚಿದಾಗ ಹೋಯಿತು, ತಿಂಗಳೊಳಗೆ ಮರಳಿ ಬಂತು, ಮತ್ತೆ ಅದೇ ಔಷಧಿ. ಏಕೆ ಮರಳುತ್ತಿದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಕೇಳಿದವರು ಹಲ್ಲಿನ ವೈದ್ಯರು. ಅವರು ನಾಲಗೆಯ ಅಡಿಯನ್ನು ಹತ್ತಿಯಿಂದ ಒಣಗಿಸಿ, ದವಡೆಯ ಕೆಳಗೆ ಮೆಲ್ಲನೆ ಒತ್ತಿ ಕಾದರು. ಸಾಮಾನ್ಯವಾಗಿ ಅಲ್ಲಿ ತಿಳಿಯಾದ ಜೊಲ್ಲು ಒಸರಬೇಕು. ಅಮ್ಮನ ಬಾಯಲ್ಲಿ ಬಹಳ ಹೊತ್ತಿನ ನಂತರ ಅಂಟಂಟಾದ ಒಂದು ಹನಿ ಮಾತ್ರ ಕಾಣಿಸಿತು.

ಕಿವಿಯ ಮುಂದೆ, ದವಡೆಯ ಕೆಳಗೆ ಮತ್ತು ನಾಲಗೆಯ ಅಡಿಯಲ್ಲಿರುವ ಮೂರು ಜೊತೆ ದೊಡ್ಡ ಗ್ರಂಥಿಗಳೂ ನೂರಾರು ಸಣ್ಣ ಗ್ರಂಥಿಗಳೂ ಸೇರಿ ದಿನಕ್ಕೆ ಸುಮಾರು 0.5ರಿಂದ 1.5 ಲೀಟರ್ ಜೊಲ್ಲನ್ನು ಸುರಿಸುತ್ತವೆ. ಕ್ಯಾಂಡಿಡಾ ಎಷ್ಟೋ ಆರೋಗ್ಯವಂತರ ಬಾಯಲ್ಲೂ ತಣ್ಣಗೆ ಇರುತ್ತದೆ. ಜೊಲ್ಲು ಅದನ್ನು ತೊಳೆಯುತ್ತಲೇ ಇರುವುದರಿಂದಲೂ, ಹಿಸ್ಟಾಟಿನ್, ಲ್ಯಾಕ್ಟೋಫೆರಿನ್‌ನಂಥ ಪ್ರೋಟೀನುಗಳು ಅದನ್ನು ಹದ್ದುಬಸ್ತಿನಲ್ಲಿಡುವುದರಿಂದಲೂ ಅದು ಬೆಳೆಯಲಾರದು. ಎಂಜಲೆಂದರೆ ಮೈಲಿಗೆಯೆಂದು ಬೆಳೆದ ನನಗೆ ಈ ಕಾವಲಿನ ಕೆಲಸ ಅಂದೇ ತಿಳಿದದ್ದು.

ಅಮ್ಮನ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ ಕಾರಣ ಕಂಡಿತು. ಧೂಳಿನ ಅಲರ್ಜಿಗೆಂದು ವರ್ಷಗಳಿಂದ ದಿನವೂ ನುಂಗುತ್ತಿದ್ದ ಮಾತ್ರೆ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಮಾತ್ರೆ: ಎರಡೂ ಜೊಲ್ಲನ್ನು ಬತ್ತಿಸುವಂಥವೇ. ಇದರ ಜೊತೆಗೆ ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆದುಕೊಂಡು ಬಾಯಿ ಮುಕ್ಕಳಿಸದೆ ಮಲಗುತ್ತಿದ್ದರು, ಹಲ್ಲಿನ ಸೆಟ್ಟನ್ನು ರಾತ್ರಿಯೂ ತೆಗೆಯುತ್ತಿರಲಿಲ್ಲ. ಸಕ್ಕರೆ ಕಾಯಿಲೆಯೂ ಇದೇ ಸೋಂಕಿಗೆ ದಾರಿ ಮಾಡುವುದರಿಂದ ರಕ್ತ ಪರೀಕ್ಷೆ ಮಾಡಿಸಿದರು, ಅದು ಸರಿಯಿತ್ತು.

ಮಾತ್ರೆಗಳನ್ನು ನಾವಾಗಿ ನಿಲ್ಲಿಸಲಿಲ್ಲ. ಬರೆದುಕೊಟ್ಟ ವೈದ್ಯರೇ ನೋಡಿ ಒಂದನ್ನು ಬಿಡಿಸಿದರು, ಇನ್ನೊಂದನ್ನು ಬದಲಿಸಿದರು. ಈಗ ಇನ್‌ಹೇಲರ್‌ಗೆ ಸ್ಪೇಸರ್ ಎಂಬ, ಔಷಧಿ ಬಾಯಲ್ಲಿ ಕಡಿಮೆ ಉಳಿಯುವಂತೆ ಮಾಡುವ ಕೊಳವೆ ಇದೆ, ಅದಾದ ಕೂಡಲೇ ಮುಕ್ಕಳಿಸಿ ಉಗುಳುತ್ತಾರೆ, ಸೆಟ್ಟು ಉಜ್ಜಿಸಿಕೊಂಡು ರಾತ್ರಿಯಿಡೀ ನೀರಿನ ಬಟ್ಟಲಿನಲ್ಲಿರುತ್ತದೆ. ಸಂಜೆಯ ಹೊತ್ತಿಗೆ ಬಾಯಿ ಇನ್ನೂ ಸ್ವಲ್ಪ ಒಣಗುತ್ತದೆ, ಹಾಗಾಗಿ ದಿಂಬಿನ ಪಕ್ಕ ನೀರಿನ ಚೊಂಬು ಇಟ್ಟಿದ್ದೇನೆ. ನಾಲ್ಕು ತಿಂಗಳಿಂದ ಬಿಳಿ ಪದರ ಕಂಡಿಲ್ಲ. ಮೊನ್ನೆ ಅಮ್ಮ ಸಾರಿಗೆ ಇನ್ನೊಂದಿಷ್ಟು ಮೆಣಸು ಹಾಕು ಎಂದರು.