ನಾಳೆಗೆ ಕಾಯದ ಬೀಜ

ಮಳೆ ಎರಡು ದಿನ ಅಬ್ಬರಿಸಿ ಹಿಂದೆ ಸರಿದ ಈ ವಾರ, ಕಾರ್ಕಳದ ಬಳಿ ರಸ್ತೆಬದಿಯ ಸಾಲುಧೂಪದ ಮರಗಳ ಕೆಳಗೆ ಒಬ್ಬ ಹೆಂಗಸು ಬೀಜ ಹೆಕ್ಕಿ ಒದ್ದೆ ಗೋಣಿಗೆ ತುಂಬುತ್ತಿದ್ದರು. ಇಷ್ಟು ಅವಸರವೇಕೆ ಎಂದು ಕೇಳಿದ್ದಕ್ಕೆ, "ಇದಕ್ಕೆ ನಾಳೆ ಎಂದ್ರೆ ಆಗುದಿಲ್ಲ ಅಕ್ಕ, ಇವತ್ತೇ ಮಣ್ಣು ಬೇಕು" ಎಂದರು.

ಅವರು ತೋರಿಸಿದ ಕಾಯಿ ಮೂರು ಹೋಳಾಗಿ ಬಿರಿದಿತ್ತು; ಒಳಗಿನಿಂದ ಇಣುಕಿದ ಬೇರಿನ ತುದಿ ಡಾಂಬರಿನ ಕಾವಿಗೆ ಕಂದಿ ಕಪ್ಪಾಗಿತ್ತು. ತೇಗದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು. ಧೂಪದ ಬೀಜ ಹಾಗಲ್ಲ, ಒಳಗಿನ ತೇವ ಆರಿದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೀಗಾಗಿಯೇ ಪಶ್ಚಿಮ ಘಟ್ಟದ ಈ ಮರ ಬಿಸಿಲುಗಾಲದಲ್ಲಿ ಹೂ ಬಿಟ್ಟು, ಮಳೆ ಹಿಡಿಯುವ ಹೊತ್ತಿಗೆ ಬೀಜ ಉದುರಿಸುವ ಕ್ರಮವನ್ನು ಪಾಲಿಸಿಕೊಂಡು ಬಂದಿದೆ.

ಆದರೆ ಹೂ ಬಿಡುವ ಮರಕ್ಕೆ ಸಿಗುವ ಸುಳಿವು ಆಗಿನ ಹವೆಯದ್ದು ಮಾತ್ರ. ಇದೇ ಕುಟುಂಬದ ಬೋರ್ನಿಯೋ ದ್ವೀಪದ ಕಾಡಿನ ಮರಗಳಂತೂ ಹಲವು ವರ್ಷಗಳಿಗೊಮ್ಮೆ, ಹೆಚ್ಚಾಗಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯೇರುವ ವಿದ್ಯಮಾನ) ತರುವ ಒಣಹವೆಯ ಬೆನ್ನಿಗೆ, ಒಟ್ಟಾಗಿ ಹೂ ಬಿಡುತ್ತವೆ. ತಿಂಗಳುಗಳ ನಂತರದ ಮಳೆ ಯಾವ ಮರಕ್ಕೂ ತಿಳಿಯದು. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಜೂನ್ 8ಕ್ಕೆ ಬಂತು, 2025ರಲ್ಲಿ ಮೇ 24ಕ್ಕೇ ಬಂತು. ಬಂದ ಮಳೆ ನಿಲ್ಲದೆ ಸುರಿಯುತ್ತದೆ ಎಂಬ ಭರವಸೆಯೂ ಇಲ್ಲ. "ಇವತ್ತೇ ಮಣ್ಣು ಬೇಕು" ಎಂಬ ಆ ಮಾತು ನನ್ನನ್ನು ಕಾಡುವುದು ಇದಕ್ಕೇ: ಹದಿನೈದು ದಿನಗಳ ಹೆಚ್ಚುಕಡಿಮೆಯಲ್ಲಿ ಮರವೊಂದರ ಇಡೀ ವರ್ಷದ ಬೀಜ ವ್ಯರ್ಥವಾಗಬಹುದು.

ಜೊತೆಗಿದ್ದ ನೆಂಟರು "ಮರಗಳು ಹೊಂದಿಕೊಳ್ಳುತ್ತವೆ ಬಿಡಿ" ಎಂದರು. ಒಳ್ಳೆಯ ಮನುಷ್ಯ, ವರ್ಷವೂ ಗಿಡ ನೆಡುವವರು. ಆದರೂ ಆ ಸಮಾಧಾನವನ್ನು ನಾನು ಒಪ್ಪಲಾರೆ. ಇಷ್ಟು ದೀರ್ಘಕಾಲ ಬದುಕುವ ಮರಕ್ಕೆ ತಲೆಮಾರು ಬದಲಿಸಿ ಹೊಸ ಹವೆಗೆ ಒಗ್ಗಿಕೊಳ್ಳಲು ವ್ಯವಧಾನವೆಲ್ಲಿದೆ? ದೊಡ್ಡ ಮರ ಹಸಿರಾಗಿಯೇ ನಿಂತಿರುತ್ತದೆ, ಆದ್ದರಿಂದ ಅದರ ಕೆಳಗೆ ಸಸಿಗಳು ಇಲ್ಲದಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ಭಾರವಾದ ಈ ಬೀಜ ಗಾಳಿಯಲ್ಲಿ ತೇಲಿ ದೂರ ಹೋಗದೆ ತಾಯಿಮರದ ಬುಡದಲ್ಲೇ ಬೀಳುತ್ತದೆ. ಅಲ್ಲಿ ದಟ್ಟ ನೆರಳೂ ತರಗೆಲೆಯೂ ಇದ್ದರೆ ಮಳೆ ತಡವಾದರೂ ತೇವ ಸ್ವಲ್ಪ ಕಾಲ ಉಳಿಯುತ್ತದೆ. ತೋಟಕ್ಕೆಂದು ಕಾಡಿನ ತರಗೆಲೆ ಗುಡಿಸಿ ಒಯ್ಯುವುದನ್ನು ಧೂಪದ ಬುಡದಲ್ಲಾದರೂ ಬಿಡಿ ಎಂದು ನೆಂಟರಲ್ಲಿ ಕೇಳಿಕೊಂಡೆ. ತಮ್ಮ ಜಾಗದ ಮಟ್ಟಿಗೆ ಅವರು ಒಪ್ಪಿದ್ದಾರೆ.